ಹೆಲ್ಮೆಟ್ ಬ್ಲೂಟೂತ್, ಮೊಬೈಲ್ ಹೋಲ್ಡರ್: ಮಲೆನಾಡಿನ ರಸ್ತೆಯಲ್ಲಿ ಹದಿನಾಲ್ಕು ತಿಂಗಳು

ನಾನು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಪಶುವೈದ್ಯ. ದಿನಕ್ಕೆ ಕಡಿಮೆಯೆಂದರೂ ಅರವತ್ತು ಕಿಲೋಮೀಟರ್ ಬೈಕು ಓಡಿಸುತ್ತೇನೆ. ಹಿಂದಿನ ಪೆಟ್ಟಿಗೆಯಲ್ಲಿ ಕ್ಯಾಲ್ಸಿಯಂ ಬಾಟಲಿ, ಭುಜದವರೆಗೆ ಬರುವ ಗ್ಲೌಸು, ಕರು ಎಳೆಯುವ ಹಗ್ಗ. ಜೇಬಿನಲ್ಲಿ ಫೋನು. ಆ ಫೋನು ಬೆಳಗ್ಗೆ ಆರಕ್ಕೆ ಶುರುವಾದರೆ ರಾತ್ರಿ ಹನ್ನೊಂದಾದರೂ ಸುಮ್ಮನಾಗುವುದಿಲ್ಲ. ಹಾಲುಜ್ವರ ಬಂದು ಮಲಗಿದ ದನ, ಹೊಟ್ಟೆ ಉಬ್ಬರಿಸಿದ ಎಮ್ಮೆ, ಕರು ಹಾಕಿದರೂ ಕಸ (ಮಾಸು) ಬೀಳದ ಹಸು, ಎಲ್ಲವೂ ಈಗಲೇ ಬರಬೇಕೆನ್ನುವ ಕರೆಗಳೇ. ಎತ್ತದೆ ಬಿಟ್ಟರೆ ಒಂದು ಜೀವ ಹೋದೀತು ಎಂಬ ಭಯ ನನಗೆ ಕೆಲಸಕ್ಕೆ ಸೇರಿದ ದಿನದಿಂದಲೂ ಇದೆ.

ಮೊದಲು ನಾನೂ ಎಲ್ಲರ ಹಾಗೆ ಫೋನನ್ನು ಹೆಲ್ಮೆಟ್ಟಿನೊಳಗೆ ಕಿವಿಯ ಪಕ್ಕ ತುರುಕಿಕೊಂಡು ಮಾತಾಡುತ್ತಿದ್ದೆ. ಒಮ್ಮೆ ತುಂಗಾ ಸೇತುವೆಯ ಮೇಲೆ ಫೋನು ಜಾರಿ ಬಿತ್ತು, ಅದನ್ನು ಹಿಡಿಯಲು ಹೋಗಿ ಹ್ಯಾಂಡಲ್ ಬಿಟ್ಟೆ. ಆ ಸಂಜೆ ಮನೆಯವಳು ಹೇಳಿದ್ದಕ್ಕೆ ಮರುವಾರವೇ ಶಿವಮೊಗ್ಗಕ್ಕೆ ಹೋಗಿ ಎರಡು ಸಾಮಾನು ತಂದೆ. 850 ರೂಪಾಯಿಗೆ ಹ್ಯಾಂಡಲ್‌ಗೆ ಹಾಕುವ ಮೊಬೈಲ್ ಹೋಲ್ಡರ್, 2,900 ರೂಪಾಯಿಗೆ ಹೆಲ್ಮೆಟ್‌ಗೆ ಕೂರಿಸುವ ಬ್ಲೂಟೂತ್ ಸೆಟ್ಟು. ಎರಡನ್ನೂ ಕೊಂಡು, ಒಂದು ಪೂರ್ತಿ ಮಳೆಗಾಲ ಸೇರಿ, ಹದಿನಾಲ್ಕು ತಿಂಗಳಾಯಿತು. ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಅಚ್ಚಿನ ಮಾಲು ನಾಲ್ಕೈದು ಹೆಸರಿನಲ್ಲಿ ಸಿಗುತ್ತದೆ, ಮತ್ತು ನಾನು ಹೇಳಬೇಕಾದದ್ದು ಯಾವ ಕಂಪನಿಯ ಮಾಲಿಗೂ ಅನ್ವಯಿಸುತ್ತದೆ.

ಹೋಲ್ಡರ್‌ನಿಂದ ಶುರು ಮಾಡುತ್ತೇನೆ. ಅಲ್ಯುಮಿನಿಯಂನದು, ನಾಲ್ಕು ಮೂಲೆಗೆ ನಾಲ್ಕು ಬೆರಳಿನಂಥ ಹಿಡಿಕೆ, ಹಿಂದೆ ತಿರುಗಿಸಿ ಬಿಗಿ ಮಾಡುವ ತಿರುಪು. ಹಿಡಿತದ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಜಲ್ಲಿ ಎದ್ದ ರಸ್ತೆ, ಅಡಿಕೆ ತೋಟದ ಕಾಲುದಾರಿ, ಮರದ ಸಂಕ, ಎಲ್ಲಿಯೂ ಫೋನು ಅಲುಗಲಿಲ್ಲ. ಆದರೆ ಆ ಗಟ್ಟಿ ಹಿಡಿತವೇ ಇನ್ನೊಂದು ತೊಂದರೆ ತಂದಿತು. ಒಂಟಿ ಸಿಲಿಂಡರಿನ ಎಂಜಿನ್ನಿನ ನಡುಕ ಹ್ಯಾಂಡಲ್ಲಿನಿಂದ ನೇರ ಫೋನಿಗೆ ಇಳಿಯುತ್ತದೆ. ಐದನೇ ತಿಂಗಳಿಗೆ ನನ್ನ ಫೋನಿನ ಕ್ಯಾಮೆರಾ ಗುರಿ ಹಿಡಿಯುವುದನ್ನೇ ಬಿಟ್ಟಿತು. ದನದ ಕೆಚ್ಚಲಿನ ಗಾಯದ ಚಿತ್ರ ತೆಗೆದರೆ ನೀರಿನೊಳಗಿಂದ ತೆಗೆದ ಹಾಗೆ ಅಲೆ ಅಲೆಯಾಗಿ ಬರುತ್ತಿತ್ತು. ರಿಪೇರಿಗೆ 3,200 ರೂಪಾಯಿ ಆಯಿತು, ಹೋಲ್ಡರಿನ ಬೆಲೆಯ ನಾಲ್ಕು ಪಟ್ಟು ಹತ್ತಿರ. ರಿಪೇರಿ ಹುಡುಗ ಮೊದಲು ಕೇಳಿದ್ದೇ "ಸರ್, ಬೈಕಿಗೆ ಹಾಕ್ತೀರಾ?" ಎಂದು. ಕೈ ನಡುಗಿದರೂ ಚಿತ್ರ ಅಲುಗದಿರಲಿ ಎಂದು ಕ್ಯಾಮೆರಾದ ಲೆನ್ಸನ್ನು ತೂಗಿಟ್ಟಂತೆ ಕೂರಿಸಿರುತ್ತಾರಂತೆ, ಬೈಕಿನ ಸಣ್ಣ ನಡುಕ ತಾಸುಗಟ್ಟಲೆ ತಾಗಿದರೆ ಅದೇ ಹಾಳಾಗುತ್ತದಂತೆ. ಆಪಲ್ ಕಂಪನಿ 2021ರಲ್ಲೇ ತನ್ನ ಐಫೋನ್‌ಗಳ ಬಗ್ಗೆ ಇದೇ ಎಚ್ಚರಿಕೆಯನ್ನು ಪ್ರಕಟಿಸಿತ್ತು ಎಂದು ಆಮೇಲೆ ಓದಿ ತಿಳಿದುಕೊಂಡೆ. ಹೋಲ್ಡರ್ ಪೆಟ್ಟಿಗೆಯ ಮೇಲೆ ಒಂದು ಸಾಲೂ ಇರಲಿಲ್ಲ. ನಡುಕ ಹೀರುವ ರಬ್ಬರಿನ ಭಾಗ ಬೇರೆಯಾಗಿ ಸಿಗುತ್ತದೆ. ಕೊಳ್ಳುವವರು ಅದನ್ನು ಸೇರಿಸಿಯೇ ಕೊಳ್ಳಿ.

ಮಳೆಯ ವಿಷಯ ನಮ್ಮ ಕಡೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಪರದೆಯ ಮೇಲೆ ಬಿದ್ದ ಹನಿಯನ್ನು ಫೋನು ಬೆರಳು ಎಂದು ತಿಳಿಯುತ್ತದೆ. ಮ್ಯಾಪ್ ನೋಡುತ್ತಿದ್ದಾಗ ಅದು ತಾನೇ ಹಿಗ್ಗುತ್ತದೆ, ಕುಗ್ಗುತ್ತದೆ, ಎಲ್ಲಿಗೋ ಓಡುತ್ತದೆ. ಒಂದು ಸಲ ಬಿ.ಪಿ. ಏರಿದ ನನ್ನ ಮಾವನಿಗೆ ತಾನೇ ಮೂರು ಸಲ ಕರೆ ಮಾಡಿ ಅವರನ್ನು ಗಾಬರಿಪಡಿಸಿತ್ತು. ಪ್ಲಾಸ್ಟಿಕ್ ಚೀಲ ಹಾಕಿದರೆ ಒಳಗೆ ಆವಿ ಕಟ್ಟಿ ಏನೂ ಕಾಣದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಲ್ಡರ್ ಖಾಲಿಯೇ ಇತ್ತು ಎಂದರೂ ತಪ್ಪಲ್ಲ.

ಇವೆಲ್ಲ ಸಾಮಾನಿನ ತೊಂದರೆ. ದುಡ್ಡು ಖರ್ಚು ಮಾಡಿದರೆ ಸರಿಹೋಗುತ್ತವೆ. ದುಡ್ಡಿನಿಂದ ಸರಿಹೋಗದ ತೊಂದರೆ ಕಣ್ಣಿನದು. ಫೋನು ಕಣ್ಣ ಮುಂದಿದ್ದರೆ ಕಣ್ಣು ಅದರ ಮೇಲೆ ಹೋಗಿಯೇ ಹೋಗುತ್ತದೆ, ಎಷ್ಟು ಬೇಡವೆಂದರೂ. ನನಗೆ ಮ್ಯಾಪು ಬೇಕಾಗುವುದು ವಾರಕ್ಕೆ ಒಂದೋ ಎರಡೋ ಸಲ, ಹೊಸ ಮನೆಗೆ ಹೋಗುವಾಗ. ಉಳಿದ ಹೊತ್ತು ಅಲ್ಲಿ ಬರುವುದು ಹಾಲಿನ ಡೇರಿ ಗುಂಪಿನ ವಾಟ್ಸ್‌ಆ್ಯಪ್ ಸಂದೇಶ, ಬ್ಯಾಂಕಿನ ಜಾಹೀರಾತು, ಯಾರದೋ ಮನೆಯ ಗೃಹಪ್ರವೇಶದ ಫೋಟೊ. ಪ್ರತಿಯೊಂದಕ್ಕೂ ಪರದೆ ಬೆಳಗುತ್ತದೆ. ಒಂದು ಸಾಲು ಓದಲು ಮೂರು ಸೆಕೆಂಡು ಅಂದುಕೊಳ್ಳಿ. ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡಿಗೆ ಗಾಡಿ 33 ಮೀಟರ್ ಹೋಗಿರುತ್ತದೆ. ಮೇಗರವಳ್ಳಿ ದಾಟಿ ಆಗುಂಬೆ ಕಡೆಗೆ ಹೋಗುವ ರಸ್ತೆಯಲ್ಲಿ ಮೂವತ್ತಮೂರು ಮೀಟರ್ ನೇರ ರಸ್ತೆ ಎಲ್ಲಿದೆ ಎಂದು ಆ ಕಡೆ ಓಡಾಡಿದವರೇ ಹೇಳಲಿ. ಮೂರನೇ ತಿಂಗಳಿಗೆ ನಾನು ಎಲ್ಲ ಸಂದೇಶಗಳ ಸೂಚನೆಯನ್ನು ಬಂದ್ ಮಾಡಿದೆ. ಆರನೇ ತಿಂಗಳಿಗೆ ಫೋನನ್ನು ಹೋಲ್ಡರಿನಲ್ಲಿ ತಲೆಕೆಳಗಾಗಿ, ಪರದೆ ಒಳಗೆ ಬರುವಂತೆ ಹಾಕತೊಡಗಿದೆ. ಈಗ ಹೋಲ್ಡರ್ ಬೈಕಿನಲ್ಲಿಲ್ಲ. ಫೋನು ಮತ್ತೆ ಜೇಬಿನಲ್ಲಿ.

ಇನ್ನು ಬ್ಲೂಟೂತು. ಇದನ್ನು ಕೊಳ್ಳುವಾಗ ನನಗೆ ಬಹಳ ಸಮಾಧಾನವಾಗಿತ್ತು, ಕೈಯೂ ಹ್ಯಾಂಡಲ್ ಮೇಲೆ, ಕಣ್ಣೂ ರಸ್ತೆಯ ಮೇಲೆ, ಕಿವಿ ಮಾತ್ರ ಮಾತಿಗೆ ಎಂದು. ಅದರ ರಚನೆ ಸರಳ. ಎಡಗಡೆ ಹೆಲ್ಮೆಟ್ಟಿನ ಹೊರಗೆ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ, ಒಳಗೆ ಎರಡು ತೆಳು ಸ್ಪೀಕರು, ಬಾಯಿಯ ಮುಂದೆ ಬರುವ ಮೈಕಿನ ಕಡ್ಡಿ. ಕೂರಿಸಲು ಅರ್ಧ ತಾಸು ಹಿಡಿಯಿತು. ಒಂದು ಎಚ್ಚರಿಕೆ ಹೇಳಲೇಬೇಕು. ಸ್ಪೀಕರಿಗೆ ಜಾಗ ಸಾಲದಿದ್ದರೆ ಒಳಗಿನ ಥರ್ಮೊಕೋಲನ್ನು ಕೆತ್ತಿ ಎಂದು ಅಂಗಡಿಯವ ಹೇಳಿದ. ದಯವಿಟ್ಟು ಹಾಗೆ ಮಾಡಬೇಡಿ. ಬಿದ್ದಾಗ ಪೆಟ್ಟನ್ನು ಹೀರುವುದು ಆ ಥರ್ಮೊಕೋಲೇ. ಹೆಲ್ಮೆಟ್ಟಿನ ಮೇಲೆ ಇರುವ ಐಎಸ್ 4151 ಎಂಬ ಸುರಕ್ಷತೆಯ ಗುಣಮಟ್ಟದ ಗುರುತಿಗೆ ಬೆಲೆ ಇರುವುದು ಅದು ಇದ್ದ ಹಾಗೇ ಇದ್ದಾಗ. ಕಿವಿಯ ಹತ್ತಿರ ಮೊದಲೇ ಗುಳಿ ಇರುವ ಹೆಲ್ಮೆಟ್ ಸಿಗುತ್ತದೆ, ನಾನು ಅಂಥದ್ದನ್ನೇ ಕೊಂಡೆ.

ಧ್ವನಿ ಚೆನ್ನಾಗಿದೆ. ಅರವತ್ತರ ವೇಗದವರೆಗೆ ಮಾತು ಸ್ಪಷ್ಟವಾಗಿ ಕೇಳುತ್ತದೆ, ಅದರಾಚೆ ಗಾಳಿಯ ಸದ್ದೇ ಹೆಚ್ಚು. ಬ್ಯಾಟರಿ ಎರಡು ದಿನ ಬಂತು, ಈಗ ಒಂದೂವರೆ ದಿನಕ್ಕೆ ಇಳಿದಿದೆ. ಮಳೆಗೆ ಹೆದರಲಿಲ್ಲ, ಆಗುಂಬೆಯ ಮಳೆಯಲ್ಲೂ ಕೆಲಸ ಮಾಡಿದೆ. ಗುಂಡಿಗಳು ಮಾತ್ರ ತೀರಾ ಹತ್ತಿರ. ರೇನ್‌ಕೋಟಿನ ಗ್ಲೌಸು ಹಾಕಿದ ಬೆರಳಿಗೆ ಯಾವುದು ಯಾವುದೋ ತಿಳಿಯದೆ, ಧ್ವನಿ ತಗ್ಗಿಸಲು ಹೋಗಿ ಕೊನೆಯದಾಗಿ ಮಾತಾಡಿದವರಿಗೆ ಮತ್ತೆ ಕರೆ ಹೋಗುತ್ತದೆ. ಮತ್ತೆ ಇದರಲ್ಲಿ ಒಂದು ವ್ಯವಸ್ಥೆ ಇದೆ, ಕರೆ ಬಂದರೆ ಎರಡು ರಿಂಗಿಗೆ ತಾನೇ ಎತ್ತಿಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ ಇದನ್ನೇ ದೊಡ್ಡ ಅನುಕೂಲ ಎಂದು ಬರೆದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ, ಹೋದ ಜುಲೈ ತಿಂಗಳವರೆಗೆ.

ಅಂದು ಮಧ್ಯಾಹ್ನ ಗುಡ್ಡೇಕೇರಿ ಕಡೆಗೆ ಹೋಗುತ್ತಿದ್ದೆ. ಮಳೆ ಹೊಳವಾಗಿತ್ತು, ರಸ್ತೆ ತೊಳೆದ ಹಾಗಿತ್ತು, ಮಂಜೂ ಇರಲಿಲ್ಲ. ವೇಗ ಮೂವತ್ತೈದರ ಆಸುಪಾಸು. ಕಿವಿಯಲ್ಲಿ ಎರಡು ಸಲ ಟಿಣ್ ಎಂದಿತು, ಆಮೇಲೆ ಹೆಂಗಸಿನ ಧ್ವನಿ.

"ಡಾಕ್ಟ್ರೇ, ನೀರಿನ ಚೀಲ ಒಡೆದು ಎರಡು ತಾಸು ಆಯ್ತು. ಒಂದೇ ಕಾಲು ಹೊರಗೆ ಬಂದಿದೆ. ತಲೆ ಕಾಣೂದೇ ಇಲ್ಲ ಮಾರಾಯ್ರೆ."

ಇಂಥ ಮಾತು ಕೇಳಿದರೆ ಪಶುವೈದ್ಯನಾದವನ ತಲೆ ಏನು ಮಾಡುತ್ತದೆ ಎಂದು ಹೇಳುತ್ತೇನೆ. ಕರು ಸರಿಯಾಗಿ ಬರುತ್ತಿದ್ದರೆ ಎರಡು ಮುಂಗಾಲು, ಅದರ ಮೇಲೆ ಮೂತಿ ಇಟ್ಟುಕೊಂಡು, ಈಜಲು ಹೊರಟ ಹಾಗೆ ಬರುತ್ತದೆ. ಒಂದೇ ಕಾಲು ಬಂದಿದೆ ಎಂದರೆ ಇನ್ನೊಂದು ಮಡಿಸಿರಬಹುದು, ತಲೆ ಪಕ್ಕಕ್ಕೆ ತಿರುಗಿರಬಹುದು, ಇಲ್ಲವೇ ಅದು ಹಿಂಗಾಲೇ ಆಗಿರಬಹುದು. ನಾನು ಕೇಳಿದೆ: "ಗೊರಸಿನ ಅಡಿ ಮೇಲೆ ನೋಡ್ತದಾ, ಕೆಳಗೆ ನೋಡ್ತದಾ?" ಅಡಿ ಕೆಳಗಿದ್ದರೆ ಸಾಮಾನ್ಯವಾಗಿ ಮುಂಗಾಲು, ಮೇಲಿದ್ದರೆ ಹಿಂಗಾಲು. ಅವರು ಕೊಟ್ಟಿಗೆಯ ಕತ್ತಲಲ್ಲಿ ನೋಡಿ ಏನೋ ಹೇಳಿದರು. "ಹಾಗೇ ಮೇಲಕ್ಕೆ ಕೈ ಸವರಿ, ಮೊದಲ ಗಂಟು ಆದ ಮೇಲೆ ಎರಡನೇ ಗಂಟು ಯಾವ ಕಡೆ ಮಡಿಸ್ತದೆ?" ಎಂದೆ. ಅಷ್ಟು ಹೊತ್ತಿಗೆ ನಾನು ಬೈಕಿನ ಮೇಲೆ ಇರಲೇ ಇಲ್ಲ. ನನ್ನ ಬಲಗೈ ಭುಜದವರೆಗೆ ಆ ದನದ ಒಳಗಿತ್ತು. ಬೆರಳ ತುದಿಯಲ್ಲಿ ಕರುವಿನ ಕಿವಿ ಹುಡುಕುತ್ತಿದ್ದೆ.

ಎಡಗೈಗೆ ಏನೋ ಮೆತ್ತಗೆ ಉಜ್ಜಿದ ಹಾಗಾಯಿತು. ಬ್ರೇಕು ಹಾಕಿ ನಿಲ್ಲಿಸಿ ನೋಡಿದರೆ ಕ್ಲಚ್ಚಿನ ಲಿವರಿಗೆ ಹಸಿ ಸೊಪ್ಪು ಸಿಕ್ಕಿಕೊಂಡಿದೆ. ಹಿಂದೆ, ಹತ್ತು ಹೆಜ್ಜೆ ದೂರದಲ್ಲಿ, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬರು ಚರಂಡಿಯ ಅಂಚಿಗೆ ಸರಿದು ನಿಂತಿದ್ದಾರೆ. ಹೊರೆಯ ಒಂದು ಪಕ್ಕ ಕೆಳಗೆ ಚೆಲ್ಲಿದೆ. ಅವರಿಗೆ ಏನೂ ಆಗಿರಲಿಲ್ಲ. ನಾನು ಇಳಿದು ಓಡಿದೆ. ಅವರು ನನ್ನನ್ನು ಬಲ್ಲವರು, ಅವರ ಮನೆಯ ಗಿಡ್ಡ ತಳಿಯ ದನಕ್ಕೆ ನಾನೇ ಚುಚ್ಚುಮದ್ದು ಕೊಟ್ಟಿದ್ದೆ. ಬೈಯಲಿಲ್ಲ. ಆದರೆ ಅವರು ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ.

"ದೂರದಿಂದ ನನ್ನ ಮುಖಾನೇ ನೋಡ್ತಾ ಬಂದ್ರಲ್ಲ ಡಾಕ್ಟ್ರೇ. ನೋಡಿದಾರೆ, ಸರೀತಾರೆ ಅಂತ ನಾನೂ ಸುಮ್ಮನಿದ್ದೆ."

ನಾನು ಅವರನ್ನು ನೋಡಿರಲಿಲ್ಲ. ಆ ತಿರುವಿನ ಹಿಂದಿನ ಎರಡು ತಿರುವುಗಳನ್ನೂ ನೋಡಿರಲಿಲ್ಲ. ಕಣ್ಣು ರಸ್ತೆಯ ಮೇಲೇ ಇತ್ತು, ಅವರ ಮುಖದ ಮೇಲೇ ಇತ್ತು, ಅದಕ್ಕೆ ಅವರೇ ಸಾಕ್ಷಿ. ಅಂದು ಸೊಪ್ಪನ್ನು ಒಟ್ಟು ಮಾಡಿ ಕಟ್ಟಿ ಅವರ ತಲೆಗೆ ಎತ್ತಿಕೊಡುವಾಗ ನನ್ನ ಕೈ ನಡುಗುತ್ತಿತ್ತು.

ಅದಾದ ಮೇಲೆ ಆ ಹಸುವಿನ ಮನೆಗೆ ಹೋದೆ. ಹೋಗಿ ಸೇರಲು ಇನ್ನೂ ಇಪ್ಪತ್ತು ನಿಮಿಷ ಬೇಕಾಯಿತು. ತಲೆ ಎಡಕ್ಕೆ ತಿರುಗಿ ಪಕ್ಕೆಗೆ ಒತ್ತಿಕೊಂಡಿತ್ತು. ಕರುವನ್ನು ಒಳಕ್ಕೆ ತಳ್ಳಿ, ತಲೆ ತಿರುಗಿಸಿ, ಹಗ್ಗ ಹಾಕಿ ಎಳೆದೆವು. ಹೆಣ್ಣುಗರು, ಬದುಕಿತು. ಕೈ ತೊಳೆದುಕೊಳ್ಳುವಾಗ ನನಗೆ ಹೊಳೆದದ್ದು ಇಷ್ಟು: ದಾರಿಯಲ್ಲಿ ನಾನು ಕೇಳಿದ ಪ್ರಶ್ನೆಗಳಿಂದ ಆ ದನಕ್ಕೆ ಏನೂ ಉಪಕಾರ ಆಗಿರಲಿಲ್ಲ. ಗೊರಸಿನ ಬಗ್ಗೆ ಅವರು ಹೇಳಿದ್ದೇ ತಪ್ಪಾಗಿತ್ತು. ದನಕ್ಕೆ ಬೇಕಿದ್ದದ್ದು ನಾನು ಅಲ್ಲಿಗೆ ಹೋಗಿ ಮುಟ್ಟುವುದು. ಯಾವ ಮನೆ, ಯಾವ ದಾರಿ ಎಂಬ ಎರಡು ಮಾತು ಸಾಕಿತ್ತು.

ಕಾನೂನನ್ನೂ ಸ್ವಲ್ಪ ನೋಡಿದೆ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ, ಓಡಿಸುತ್ತಾ ಕೈಯಲ್ಲಿ ಫೋನು ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆ ಎಂದು ಹೆಸರಿಟ್ಟು ಹೇಳಿದ್ದಾರೆ, ಮೊದಲ ಸಲಕ್ಕೆ ದಂಡವೇ ಒಂದು ಸಾವಿರದಿಂದ ಐದು ಸಾವಿರದವರೆಗೆ, ಜೈಲೂ ಆಗಬಹುದು. 2020ರ ಅಕ್ಟೋಬರ್‌ನಿಂದ ಬಂದ ನಿಯಮ, ದಾರಿ ನೋಡಲು ಮಾತ್ರ ಫೋನು ಬಳಸಬಹುದು, ಅದೂ ಓಡಿಸುವವನ ಗಮನ ಕೆಡದ ಹಾಗೆ ಎನ್ನುತ್ತದೆ. ಒಳ್ಳೆಯ ನಿಯಮವೇ. ಆದರೆ ಕಾಯ್ದೆ ಎಣಿಸುವುದು ಕೈಯನ್ನು. ಅಂದು ನನ್ನ ಎರಡೂ ಕೈ ಹ್ಯಾಂಡಲ್ ಮೇಲಿದ್ದವು. ಪೊಲೀಸರು ಎದುರಿಗೆ ನಿಂತಿದ್ದರೂ ನನ್ನನ್ನು ತಡೆಯಲು ಕಾರಣ ಕಾಣುತ್ತಿರಲಿಲ್ಲ.

ಹಾಗಾದರೆ ಹಿಂದೆ ಕೂತವರ ಜೊತೆ ಮಾತಾಡುವುದಿಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಮಾತಾಡುತ್ತೇವೆ. ನಮ್ಮ ಆಸ್ಪತ್ರೆಯ ಸಹಾಯಕ ನನ್ನ ಹಿಂದೆ ಕೂತು ದಾರಿಯುದ್ದಕ್ಕೂ ಮಾತಾಡುತ್ತಾನೆ. ಆದರೆ ಎದುರಿಗೆ ಬಸ್ಸು ಬಂದರೆ ಅವನ ಮಾತು ಅರ್ಧಕ್ಕೆ ನಿಲ್ಲುತ್ತದೆ, ತಿರುವು ಬಂದರೆ ಅವನೂ ಬಗ್ಗುತ್ತಾನೆ, ದನ ಅಡ್ಡ ಬಂದರೆ ನನಗಿಂತ ಮೊದಲು ಅವನೇ "ಹೋಯ್" ಎನ್ನುತ್ತಾನೆ. ಫೋನಿನ ಆ ತುದಿಯಲ್ಲಿ ಇರುವವರಿಗೆ ನನ್ನ ರಸ್ತೆ ಕಾಣುವುದಿಲ್ಲ. ತಮ್ಮ ಕೊಟ್ಟಿಗೆಯಲ್ಲಿ ಅಳುತ್ತಾ ನಿಂತವರು, ನನ್ನ ಮುಂದೆ ಲಾರಿ ಇದೆ ಎಂದು ಅವರಿಗೆ ಗೊತ್ತಾಗುವುದಾದರೂ ಹೇಗೆ.

ಹಾಗೆಂದು ಸೆಟ್ಟನ್ನು ಎಸೆದಿಲ್ಲ. ಮರುದಿನವೇ ಮೈಕಿನ ಕಡ್ಡಿಯನ್ನು ಕಿತ್ತು ಮೇಜಿನ ಖಾನೆಯಲ್ಲಿ ಹಾಕಿದೆ. ತಾನೇ ಎತ್ತುವ ವ್ಯವಸ್ಥೆಯನ್ನು ಬಂದ್ ಮಾಡಿದೆ. ಅದಕ್ಕೆ ಎರಡು ಗುಂಡಿ ಒಟ್ಟಿಗೆ ಐದು ಸೆಕೆಂಡು ಒತ್ತಬೇಕು, ಪುಸ್ತಕದಲ್ಲಿ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿದೆ. ಸ್ಪೀಕರು ಮಾತ್ರ ಉಳಿಸಿಕೊಂಡೆ, ದಾರಿ ಕೇಳಲು. ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಗೂಗಲ್ ಮ್ಯಾಪಿನ ಕನ್ನಡದ ಧ್ವನಿ "ಇನ್ನೂರು ಮೀಟರ್‌ನಲ್ಲಿ ಎಡಕ್ಕೆ ತಿರುಗಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅದು ಉತ್ತರ ಕೇಳುವುದಿಲ್ಲ, ತಲೆಯೊಳಗೆ ಚಿತ್ರ ಕಟ್ಟಿಸುವುದಿಲ್ಲ. ಸಿಗ್ನಲ್ ಇಲ್ಲದ ಕಡೆಗೆಂದು ತಾಲ್ಲೂಕಿನ ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಂಡಿದ್ದೇನೆ. ಹೊಸ ಮನೆಗೆ ರಾತ್ರಿ ಹೋಗಬೇಕಾದಾಗ ಇದರಷ್ಟು ಉಪಕಾರಿಯಾದ ವಸ್ತು ಇನ್ನೊಂದಿಲ್ಲ. ಫೋನು ಜೇಬಿನಿಂದ ಹೊರಗೆ ಬರುವ ಅಗತ್ಯವೇ ಇಲ್ಲ. ಹಾಡು ಹಾಕುವುದಿಲ್ಲ, ಹಿಂದಿನಿಂದ ಬರುವ ಬಸ್ಸಿನ ಹಾರನ್ನು ನನಗೆ ಕೇಳಬೇಕು.

ಮಗಳು ಕೊಟ್ಟ ಸ್ಮಾರ್ಟ್‌ವಾಚನ್ನು ಬೈಕು ಹತ್ತುವಾಗ ಬಿಚ್ಚಿ ಪೆಟ್ಟಿಗೆಯಲ್ಲಿಡುತ್ತೇನೆ. ಅದು ಮಣಿಕಟ್ಟಿಗೆ ಗುರ್ ಎಂದರೆ ಕಣ್ಣು ತಾನಾಗಿ ಕೆಳಗೆ ಹೋಗುತ್ತದೆ.

ಹೊಸ ಬೈಕುಗಳಲ್ಲಿ ಪರದೆಯೇ ಇರುತ್ತದಲ್ಲ ಎಂದು ಕೇಳುವವರಿಗೆ ನನ್ನ ಅಭಿಪ್ರಾಯ. ರಾಯಲ್ ಎನ್‌ಫೀಲ್ಡಿನವರು 2020ರಲ್ಲಿ ಮೀಟಿಯರ್ ಬೈಕಿನ ಜೊತೆ ತಂದ ಟ್ರಿಪ್ಪರ್ ಎಂಬ ಪುಟ್ಟ ಗಡಿಯಾರದಂಥ ಪರದೆಯಲ್ಲಿ ಬರೀ ಬಾಣದ ಗುರುತು, ದೂರ, ಅಷ್ಟೇ. ಆಮೇಲೆ ಬಂದ ಹಿಮಾಲಯನ್ 450ರಲ್ಲಿ ಇಡೀ ಮ್ಯಾಪು ಕಾಣುತ್ತದೆ, ಏಥರ್ ಸ್ಕೂಟರಿನಲ್ಲೂ ಹಾಗೇ. ನನ್ನನ್ನು ಕೇಳಿದರೆ ಬಾಣ ಸಾಕು. ಬಾಣವನ್ನು ಒಂದು ಕಣ್ಣಹೊಡೆತದಲ್ಲಿ ಓದಬಹುದು, ಮ್ಯಾಪನ್ನು ಓದಲು ನಿಲ್ಲಬೇಕು.

ಕರೆಗಳಿಗೆ ಮಾಡಿಕೊಂಡ ವ್ಯವಸ್ಥೆಯನ್ನೂ ಹೇಳುತ್ತೇನೆ, ಮಾರಾಟದವರು, ವಸೂಲಿಯವರು, ಲೈನ್‌ಮನ್‌ಗಳು, ನನ್ನ ಹಾಗೆ ಗಾಡಿಯ ಮೇಲೇ ದಿನ ಕಳೆಯುವ ಎಲ್ಲರಿಗೂ ಬೇಕಾಗಬಹುದು ಎಂದು. ಗಾಡಿ ಹತ್ತುವಾಗ ಫೋನಿನಲ್ಲಿ ಡ್ರೈವಿಂಗ್ ವ್ಯವಸ್ಥೆ ಹಾಕುತ್ತೇನೆ. ಕರೆ ಮಾಡಿದವರಿಗೆ ಕನ್ನಡದಲ್ಲಿ ಒಂದು ಸಂದೇಶ ಹೋಗುತ್ತದೆ: "ಗಾಡಿ ಮೇಲಿದ್ದೇನೆ. ಹದಿನೈದು ನಿಮಿಷದೊಳಗೆ ನಾನೇ ಕರೆ ಮಾಡುತ್ತೇನೆ. ತೀರಾ ತುರ್ತಾದರೆ 1962ಕ್ಕೆ ಮಾಡಿ." 1962 ಎಂದರೆ ಪಶು ಸಂಜೀವಿನಿ ಆಂಬುಲೆನ್ಸಿನ ಸಂಖ್ಯೆ. ಓದು ಬಾರದವರಿಗೆ ಇದರಿಂದ ಉಪಯೋಗವಿಲ್ಲ, ಅದಕ್ಕೇ ಡೇರಿಯಲ್ಲಿ ಹಾಲು ಹಾಕುವ ಹೊತ್ತಿಗೆ ಎರಡು ವಾರ ನಾನೇ ನಿಂತು ಎಲ್ಲರಿಗೂ ಬಾಯಲ್ಲಿ ಹೇಳಿದೆ. ಮಾತಿಗೆ ತಕ್ಕಂತೆ ಪ್ರತಿ ಹದಿನೈದು ನಿಮಿಷಕ್ಕೆ ನಿಲ್ಲುತ್ತೇನೆ. ತೀರ್ಥಹಳ್ಳಿಯಿಂದ ಆಗುಂಬೆಯವರೆಗೆ ಸಿಗ್ನಲ್ ಚೆನ್ನಾಗಿ ಸಿಗುವ, ಗಾಡಿ ರಸ್ತೆಯಿಂದ ಇಳಿಸಲು ಜಾಗವಿರುವ ಐದು ಸ್ಥಳ ಗುರುತು ಮಾಡಿಕೊಂಡಿದ್ದೇನೆ. ಒಂದು ಮೋರಿಕಟ್ಟೆ, ಎರಡು ಬಸ್ ನಿಲ್ದಾಣ, ಒಂದು ಶಾಲೆಯ ಗೇಟು, ಒಂದು ಹಲಸಿನ ಮರ. ಅಲ್ಲಿ ಹೆಲ್ಮೆಟ್ ತೆಗೆದು, ಪುಸ್ತಕ ಬಿಚ್ಚಿ, ಸಾವಧಾನವಾಗಿ ಕೇಳುತ್ತೇನೆ. ಗೊರಸಿನ ಅಡಿ ಯಾವ ಕಡೆ ಎಂದು ಈಗಲೂ ಕೇಳುತ್ತೇನೆ, ಮೋರಿಕಟ್ಟೆಯ ಮೇಲೆ ಕೂತು.

ಒಂಬತ್ತು ತಿಂಗಳಾಯಿತು. ತಡವಾಯಿತು ಎಂದು ಒಂದೇ ಒಂದು ದನ ಹೋಗಿಲ್ಲ. ಇದನ್ನು ಬಹಳ ಹೆದರಿಕೊಂಡೇ ಲೆಕ್ಕ ಇಟ್ಟಿದ್ದೇನೆ, ಪ್ರತಿ ಕರೆಯ ಹೊತ್ತು, ನಾನು ತಿರುಗಿ ಮಾಡಿದ ಹೊತ್ತು, ತಲುಪಿದ ಹೊತ್ತು ಎಲ್ಲವೂ ಪುಸ್ತಕದಲ್ಲಿದೆ.

ಸಾಮಾನಿನ ಲೆಕ್ಕಕ್ಕೆ ಬಂದರೆ, ಹೋಲ್ಡರ್ ನನ್ನಂಥ ಕೆಲಸದವರಿಗೆ ಬೇಡವೇ ಬೇಡ. ಬ್ಲೂಟೂತ್ ಸೆಟ್ಟು ದಾರಿ ಕೇಳಲಿಕ್ಕೆ ಕೊಳ್ಳಬಹುದು, ಆದರೆ ತಾನೇ ಕರೆ ಎತ್ತುವುದನ್ನು ಬಂದ್ ಮಾಡಲು ಬರುತ್ತದೋ ಇಲ್ಲವೋ ಎಂದು ಅಂಗಡಿಯಲ್ಲೇ ನಿಂತು ನೋಡಿ ಕೊಳ್ಳಿ. ಬಂದ್ ಮಾಡಲು ಬಾರದಿದ್ದರೆ ಎಷ್ಟು ಅಗ್ಗವಾದರೂ ಬಿಟ್ಟು ಬನ್ನಿ.

ಹೋದ ವಾರ ಅದೇ ಗುಡ್ಡೇಕೇರಿ ರಸ್ತೆಯ ಮೋರಿಕಟ್ಟೆಯಿಂದ ಒಬ್ಬರಿಗೆ ತಿರುಗಿ ಕರೆ ಮಾಡಿದೆ. ಎತ್ತಿದ ಕೂಡಲೇ ಅವರು ದನದ ಸುದ್ದಿ ತೆಗೆಯಲಿಲ್ಲ. "ಎಲ್ಲಿದ್ರಿ ಡಾಕ್ಟ್ರೇ, ಮೋರಿ ಹತ್ರ ನಿಂತ್ರಾ?" ಎಂದರು. ನಿಂತಿದ್ದೇನೆ ಎಂದೆ. "ಹಾಂಗಾರೆ ಹೇಳ್ತೆ, ಕೇಳಿ" ಎಂದು ಶುರು ಮಾಡಿದರು.